ತೊಂಬತ್ತೇಳರ ಕೆಳಗಿನ ಚೀಟಿ

ದೊಡ್ಡಬಳ್ಳಾಪುರ
22-6-1972, ಗುರುವಾರ

ತಂಗಿ ಅಂಜನಮ್ಮನಿಗೆ ಅಣ್ಣ ರಾಮಲಿಂಗಯ್ಯ ಬರೆಯುವುದು.

ನಮ್ಮ ಬನಶಂಕರಿಗೆ ಜವಳಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಗಲಿಲ್ಲ. ಇದನ್ನು ತಿಳಿಸಿದ್ದು ಕಾಲೇಜಿನವರೇ. ನಿನ್ನೆ ಬೆಳಗ್ಗೆ ಹನ್ನೊಂದರ ಟಪಾಲಿಗೆ ಅವರ ಕಾಗದ ಬಂತು. ಮೈಸೂರಿನಲ್ಲಿ ನಿನ್ನ ಮನೆಯಲ್ಲೇ ಕೂತು ನೀವಿಬ್ಬರೂ ಅರ್ಜಿ ತುಂಬಿದಿರಿ, ಆದ್ದರಿಂದ ಮೊದಲು ನಿನಗೆ ಬರೆಯುತ್ತಿದ್ದೇನೆ.

ಕಾಗದ ಪೂರ್ತಿ ಇಂಗ್ಲಿಷ್. ನನ್ನ ಇಂಗ್ಲಿಷ್ ನೂಲಿನ ಪೆಟ್ಟಿಗೆ ಮೇಲೆ ಅಚ್ಚು ಹಾಕಿರುವಷ್ಟು ಮಾತ್ರ. ಆದರೆ ಅಂಕಿ ಓದಲು ಬರುತ್ತದೆ. ಮಗ್ಗದ ಡಿಸೈನ್ ಹಾಳೆಯ ಹಾಗೆ ಮನೆಮನೆಯಾಗಿ ಗೆರೆ ಹಾಕಿ ಅಂಕಿ ತುಂಬಿದ್ದಾರೆ. ಕಟ್ಟಕಡೆಯ ಮನೆಯಲ್ಲಿ ಎಲ್ಲಕ್ಕಿಂತ ದಪ್ಪಗೆ 97 ಎಂದಿದೆ. ಆ ಕಾಲೇಜಿನಲ್ಲಿ ಇರುವುದು ಅರವತ್ತು ಸೀಟು.

ಅನುಮಾನ ಬೇಡವೆಂದು ನೂಲಿನ ಅಂಗಡಿ ಪಿಳ್ಳಪ್ಪನ ಹತ್ತಿರ ಹೋದೆ. ಅವನ ಮಗನೂ ಅದೇ ಪರೀಕ್ಷೆ ಬರೆದಿದ್ದ, ಅವನಿಗೂ ಅದೇ ಟಪಾಲಿಗೆ ಕಾಗದ ಬಂದಿತ್ತು. ಅಂಗಡಿಯಲ್ಲಿ ಬಂದವರಿಗೆಲ್ಲ ಲಾಡು ಕೊಡುತ್ತಿದ್ದ. ನನ್ನ ಕೈಗೂ ಒಂದು ಇಟ್ಟು, "ನಮ್ಮ ಹುಡುಗಂದು ನಲವತ್ತೊಂದು ಕಣಯ್ಯ. ನಿನ್ನ ಮಗಳ್ದು?" ಅಂದ. ತೊಂಬತ್ತೇಳು ಎಂದೆ. "ಹೋಗ್ಲಿ ಬಿಡು, ಹೆಣ್ಣುಡುಗಿ ತೊಂಬತ್ತೇಳನೇ ನಂಬರ್ ಬಂದಿರೋದೇ ಹೆಚ್ಚು. ಸೀಟು ಇರೋದು ಅರವತ್ತು. ನಲವತ್ತೊಂದು ಒಳಕ್ಕೆ, ತೊಂಬತ್ತೇಳು ಹೊರಕ್ಕೆ" ಅಂದ. ಆ ಲಾಡನ್ನು ಅಲ್ಲೇ ತಕ್ಕಡಿಯ ಮೇಲೆ ಇಟ್ಟು ಬಂದೆ.

ಆ ಹುಡುಗ ಪಿ.ಯು.ಸಿ. ಎರಡು ಸಲ ಕಟ್ಟಿದವನು. ಅವನಿಗೆ ನಮ್ಮ ಬನಶಂಕರಿಯೇ ಲೆಕ್ಕ ಹೇಳಿಕೊಟ್ಟಿದ್ದಾಳೆ. ಅವನು ಒಳಗೆ, ಇವಳು ಹೊರಗೆ ಎಂದರೆ ಒಳಗೇನೋ ನಡೆದಿದೆ. ಅಂಗಡಿಯವನ ಮಗನಿಗೆ ಒಂದು ಅಳತೆ, ಮಗ್ಗದವನ ಮಗಳಿಗೆ ಇನ್ನೊಂದು ಅಳತೆ. ನಾನು ಸುಮ್ಮನೆ ಕೂರಲಿಲ್ಲ. ನಾಲ್ಕು ಗಂಟೆಯ ಟಪಾಲಿಗೇ ಪ್ರಿನ್ಸಿಪಾಲರಿಗೆ ಕಾಗದ ಹಾಕಿದೆ. ಮನಸ್ಸಿನಲ್ಲಿದ್ದುದನ್ನೆಲ್ಲ ಬರೆದಿದ್ದೇನೆ.

ಬನಶಂಕರಿ ಪಕ್ಕದ ವಿಜಯಪುರಕ್ಕೆ ಅಜ್ಜಿ ಮನೆಗೆ ಹೋಗಿದ್ದವಳು ಸಂಜೆ ಬಸ್ಸಿಗೆ ಬಂದಳು. ನಾನೇ ಹೇಳಿದೆ. ಇವತ್ತು ಬೆಳಗ್ಗೆ ಎದ್ದು ತಾನಾಗಿಯೇ ನೂಲು ಸುತ್ತುವ ಮೆಷಿನ್ ಮುಂದೆ ಕೂತಳು. ನಿನ್ನ ಅತ್ತಿಗೆ ನಾಗಲಕ್ಷ್ಮಮ್ಮ ಕ್ಷೇಮ.

ರಾಮಲಿಂಗಯ್ಯ


ಮೈಸೂರು
25-6-1972, ಭಾನುವಾರ

ಅಣ್ಣನಿಗೆ ಅಂಜನಮ್ಮನ ನಮಸ್ಕಾರ.

ನಿನ್ನ ಕಾಗದ ನಿನ್ನೆ ಬಂತು. ನಾಲ್ಕು ಸಲ ಓದಿದೆ. ನನಗೆ ಎಲ್ಲೋ ಸರಿಯಿಲ್ಲ ಎನಿಸುತ್ತಿದೆ. ಹದಿಮೂರು ವರ್ಷದಿಂದ ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತೆ ಕೆಲಸ ಮಾಡುತ್ತಿದ್ದೇನೆ. ಅಂಕಪಟ್ಟಿ ಓದುವುದೇ ನನ್ನ ಅನ್ನ. ಸೀಟು ಇಲ್ಲ ಎನ್ನುವುದಕ್ಕೆ ಯಾರೂ ಅಷ್ಟು ಮನೆ ಗೆರೆ ಹಾಕಿ ಅಂಕಿ ತುಂಬುವುದಿಲ್ಲ. ಇಲ್ಲ ಎನ್ನಲು ಒಂದು ಸಾಲು ಸಾಕು.

ಆದ್ದರಿಂದ ಕೇಳುತ್ತೇನೆ, ಒಂದೊಂದಕ್ಕೂ ಉತ್ತರ ಬರೆ. 97ರ ನೆತ್ತಿಯ ಮೇಲೆ ಯಾವ ಪದ ಇದೆ? ಅರ್ಥವಾಗದಿದ್ದರೂ ಅಕ್ಷರ ನೋಡಿ ಬರೆ. ಮೇಲಿನ ಮನೆಗಳಲ್ಲಿ ಯಾವ ಯಾವ ಅಂಕಿ ಇವೆ? ಕಾಗದದ ಕೆಳಗೆ ಹರಿದು ಕಳಿಸುವಂಥ ಚೀಟಿ ಇದೆಯೇ, ಅದರ ಮೇಲೆ ತಾರೀಖು ಇದೆಯೇ? ಪಿಳ್ಳಪ್ಪನ ಮಗನ ಕಾಗದದಲ್ಲೂ ಚೀಟಿ ಇತ್ತೇ?

ಇನ್ನೊಂದು ವಿಷಯ. ಬನಶಂಕರಿ ಪಿ.ಯು.ಸಿ.ಯನ್ನು ಇಂಗ್ಲಿಷಿನಲ್ಲೇ ಓದಿದವಳು. ಆ ಕಾಗದ ಓದಿ ಅವಳೇನು ಹೇಳಿದಳು? ಅದನ್ನು ನೀನು ಬರೆದೇ ಇಲ್ಲ.

ಅಂಜನಮ್ಮ


ದೊಡ್ಡಬಳ್ಳಾಪುರ
28-6-1972, ಬುಧವಾರ

ಅಂಜನಮ್ಮನಿಗೆ,

ಕೇಳಿದ್ದೀಯೆಂದು ಬರೆಯುತ್ತಿದ್ದೇನೆ. ಬರೆದು ಏನೂ ಆಗಬೇಕಾಗಿಲ್ಲ.

97ರ ಮೇಲೆ ಇದ್ದುದು ಉದ್ದನೆಯ ಪದ. ಪಿ ಅಕ್ಷರದಿಂದ ಶುರು, ನಡುವೆ ಎರಡು ಕಡೆ ಇ, ಕೊನೆಗೂ ಇ. ಒಟ್ಟು ನಾಲ್ಕು ಸಾಲು, ವಿಷಯದ ಹೆಸರು ಅವಳ ಪುಸ್ತಕಗಳ ಮೇಲೆ ನೋಡಿ ಗೊತ್ತು. ಮೊದಲನೆಯದು ಫಿಸಿಕ್ಸ್: 41, 6, 39½, 96. ಎರಡನೆಯದು ಕೆಮಿಸ್ಟ್ರಿ: 38, 8, 36, 93. ಮೂರನೆಯದು ಲೆಕ್ಕ: 46, 2, 45½, 99. ನಾಲ್ಕನೆಯದು ಇಂಗ್ಲಿಷ್: 29, 20, 24, 58. ಎಲ್ಲದರ ಕೆಳಗೆ 145, ಅದರ ಪಕ್ಕ 97. ಮೂಲೆಯಲ್ಲಿ ಸಣ್ಣದಾಗಿ 1840 ಎಂದಿತ್ತು.

ನೋಡು, ಲೆಕ್ಕದಲ್ಲಿ ನನ್ನ ಮಗಳು ಎಲ್ಲರಿಗಿಂತ ಮುಂದೆ ಎಂದು ಊರೆಲ್ಲ ಹೇಳುತ್ತಿದ್ದರು. ಅದರಲ್ಲೇ ಅತಿ ಹಿಂದೆ, 99. ಇಂಗ್ಲಿಷಿನಲ್ಲಿ ತಡವರಿಸುವವಳು, ಅದರಲ್ಲಿ 58, ಅರವತ್ತರ ಒಳಗೆ. ತಲೆಬುಡವಿಲ್ಲದ ಪರೀಕ್ಷೆ. ಇದನ್ನೂ ಪ್ರಿನ್ಸಿಪಾಲರಿಗೆ ಬರೆದಿದ್ದೇನೆ.

ಕೆಳಗೆ ಚೀಟಿ ಇತ್ತು. 10-7 ಎಂದು ತಾರೀಖು. ಸೀಟು ಸಿಗದವರಿಗೆ ಫೀಜು ವಾಪಸು ಕೊಡುವ ಚೀಟಿ ಇರಬೇಕೆಂದು ಪಿಳ್ಳಪ್ಪ ಹೇಳಿದ. ಅವನ ಮಗನ ಕಾಗದದಲ್ಲಿ ಚೀಟಿ ಇರಲಿಲ್ಲ, ಅವನಿಗೆ ಸೀಟು ಆಗಿದೆಯಲ್ಲ.

ಈ ವಾರ ಕರೆಂಟು ದಿನಕ್ಕೆ ಐದು ಗಂಟೆ ಇರುವುದಿಲ್ಲ. ಎರಡು ಮಗ್ಗವೂ ನಿಂತಿವೆ. ಬನಶಂಕರಿ ಚೆನ್ನಾಗಿ ನೂಲು ಸುತ್ತುತ್ತಾಳೆ, ಕೈ ಚುರುಕು. ಮಗ್ಗದ ವಿದ್ಯೆಯನ್ನೇ ಐದು ವರ್ಷ ಓದಿ ಇಂಜಿನಿಯರ್ ಆಗಿ ಮತ್ತೆ ಮಗ್ಗದ ಹತ್ತಿರವೇ ಬರುವುದಾದರೆ, ಮಗ್ಗ ಇಲ್ಲೇ ಇದೆಯಲ್ಲ ಎಂದು ನಗಿಸಲು ನೋಡಿದೆ. ನಗಲಿಲ್ಲ.

ರಾಮಲಿಂಗಯ್ಯ


ಮೈಸೂರು
30-6-1972, ಶುಕ್ರವಾರ

ಅಣ್ಣ,

ಬನಶಂಕರಿಗೆ ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂದಿದೆ. ನೀನು ಬರೆದ ಅಂಕಿಗಳಿಂದಲೇ ಇದು ಗೊತ್ತಾಯಿತು. ನಮ್ಮ ಹೆಡ್‌ಮಾಸ್ತರರಿಗೂ ತೋರಿಸಿ ಖಚಿತ ಮಾಡಿಕೊಂಡೆ. ತಂತಿ ಕೊಡಬಹುದಿತ್ತು, ಆದರೆ ತಂತಿಯಲ್ಲಿ ಹೇಳಿದರೆ ನೀನು ನಂಬುವುದಿಲ್ಲ. ಆದ್ದರಿಂದ ಸಮಾಧಾನವಾಗಿ ಓದು.

ಒಂದೊಂದು ಸಾಲಿನ ಮೊದಲ ಅಂಕಿ ಸರಿ ಉತ್ತರ. ಎರಡನೆಯದು ತಪ್ಪು ಉತ್ತರ. ಒಂದು ತಪ್ಪಿಗೆ ಕಾಲು ಅಂಕ ಕಳೆಯುತ್ತಾರೆ. ಫಿಸಿಕ್ಸಿನಲ್ಲಿ 41 ಸರಿ, ಆರು ತಪ್ಪಿಗೆ ಒಂದೂವರೆ ಹೋಯಿತು, ಉಳಿದದ್ದು 39½. ನಾಲ್ಕೂ ಸಾಲು ಹೀಗೇ ಕೂಡಿಬರುತ್ತದೆ, ಒಟ್ಟು 145. ನಾಲ್ಕನೇ ಮನೆಯ ಪದ ಪರ್ಸೆಂಟೈಲ್. ಅದು ಎಷ್ಟನೇ ನಂಬರ್ ಎಂದಲ್ಲ. ಪರೀಕ್ಷೆ ಬರೆದ ನೂರು ಜನರಲ್ಲಿ ಎಷ್ಟು ಜನ ನಿನ್ನ ಮಗಳಿಗಿಂತ ಹಿಂದೆ ಇದ್ದಾರೆ ಎಂದು ಹೇಳುವ ಅಂಕಿ. ತೊಂಬತ್ತೇಳು ಜನ ಹಿಂದೆ ಇದ್ದಾರೆ. ಬರೆದವರು 1840. ಅಂದರೆ ಇವಳ ಮುಂದೆ ಇರುವವರು ಹೆಚ್ಚೆಂದರೆ ಐವತ್ತೈದು ಮಂದಿ. ಲೆಕ್ಕದಲ್ಲಿ 99 ಎಂದರೆ ಹಿಂದಲ್ಲ ಅಣ್ಣ, ಎಲ್ಲಕ್ಕಿಂತ ಮುಂದೆ. ಹಿಂದೆ ಬಿದ್ದಿರುವುದು ಇಂಗ್ಲಿಷಿನಲ್ಲಿ, 58.

ನೀನು ಹೇಗೆ ತಪ್ಪಿದೆ ಎಂದು ನನಗೆ ಗೊತ್ತು. ನೀನು ಒಂಬತ್ತು ವರ್ಷದಿಂದ ಆರ್ಟ್ ಸಿಲ್ಕ್ ನೇಯುತ್ತಿದ್ದೀಯ. ಅದರ ನೂಲಿನ ಅಳತೆ ಡೆನಿಯರ್, ಅರವತ್ತಾದರೆ ನಯ, ನೂರ ಇಪ್ಪತ್ತಾದರೆ ದಪ್ಪ. ಅಂಕಿ ಕಡಿಮೆಯಾದಷ್ಟೂ ಸರಕು ಮೇಲು. ಅಪ್ಪ ಇದ್ದಾಗ ನಮ್ಮ ಮನೆಯಲ್ಲಿ ಇದ್ದದ್ದು ಹತ್ತಿ ನೂಲು, ಅದರ ಕೌಂಟ್ ಮರೆತೆಯಾ? ನಲವತ್ತು ದಪ್ಪ, ಎಂಬತ್ತು ನಯ, ನೂರು ಇನ್ನೂ ನಯ. ಈ ಕಾಗದವನ್ನು ಹತ್ತಿಯವರ ಹಾಗೆ ಓದಬೇಕಿತ್ತು, ನೀನು ಸಿಲ್ಕಿನವರ ಹಾಗೆ ಓದಿದೆ. ಪಿಳ್ಳಪ್ಪನೂ ಹಾಗೇ ಓದಿದ. ಅವನ ಮಗನ ನಲವತ್ತೊಂದು ದಪ್ಪ ನೂಲು. ಅದು ಆ ಹುಡುಗನಿಗೆ ಗೊತ್ತಿದ್ದೇ ಇರುತ್ತದೆ, ಲಾಡು ಮುಗಿಯಲಿ ಎಂದು ಕಾಯುತ್ತಿರಬೇಕು.

ಅವನ ಕಾಗದದಲ್ಲಿ ಚೀಟಿ ಇಲ್ಲ, ಯಾಕೆಂದರೆ ಅವನನ್ನು ಕರೆದಿಲ್ಲ. ಚೀಟಿ ಇರುವುದು ಕರೆದವರಿಗೆ ಎಂದು ಹೆಡ್‌ಮಾಸ್ತರರು ಹೇಳಿದರು. ನಾವು ಬರುತ್ತೇವೆ ಎಂದು ಅದರಲ್ಲಿ ತಂದೆ ಮಗಳು ಸಹಿ ಮಾಡಿ ಕಳಿಸಬೇಕು. 10ನೇ ತಾರೀಖಿನೊಳಗೆ ಅದು ಕಾಲೇಜು ತಲುಪದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ಕರೆಯುತ್ತಾರೆ. ಈ ಕಾಗದ ಓದಿ ಕೆಳಗಿಟ್ಟ ತಕ್ಷಣ ಚೀಟಿ ಹರಿದು ರಿಜಿಸ್ಟರ್ ಮಾಡು.

ಸಂತೋಷಕ್ಕೆ ಇವತ್ತು ಆಫೀಸಿನಲ್ಲಿ ಕೆಲಸವೇ ಮಾಡಲಿಲ್ಲ. ಒಂದು ಮಾತ್ರ ಕುಟುಕುತ್ತಿದೆ. ನಾನು ಕೇಳಿದ ಕೊನೆಯ ಪ್ರಶ್ನೆಗೆ ನೀನು ಉತ್ತರ ಬರೆದಿಲ್ಲ.

ಅಂಜನಮ್ಮ


ದೊಡ್ಡಬಳ್ಳಾಪುರ
3-7-1972, ಸೋಮವಾರ

ಅಂಜನಮ್ಮನಿಗೆ,

ಚೀಟಿ ನನ್ನ ಹತ್ತಿರ ಇಲ್ಲ. ಕಾಗದವೂ ಇಲ್ಲ. ಬಂದ ದಿನವೇ ಪ್ರಿನ್ಸಿಪಾಲರಿಗೆ ಬರೆದ ಕಾಗದದ ಜೊತೆ ಅದನ್ನೂ ಲಕೋಟೆಗೆ ಹಾಕಿ, ನಿಮ್ಮ ಅಂಕಿ ನಿಮಗೇ ಇರಲಿ, ನನ್ನ ಮಗಳನ್ನು ನಿಮ್ಮ ಬಾಗಿಲಿಗೆ ಕಳಿಸುವುದಿಲ್ಲ ಎಂದು ಬರೆದು ವಾಪಸು ಮಾಡಿದೆ. ನಿನಗೆ ಬರೆದ ಅಂಕಿಗಳೆಲ್ಲ ನೆನಪಿನಿಂದ ಬರೆದದ್ದು. ಡಿಸೈನ್ ಹಾಳೆಯನ್ನು ಒಂದು ಸಲ ನೋಡಿದರೆ ನನಗೆ ಮರೆಯುವುದಿಲ್ಲ, ಇದೂ ಹಾಗೆ.

ಬನಶಂಕರಿ ಆ ಕಾಗದವನ್ನು ನೋಡಲಿಲ್ಲ. ಅವಳು ಬಸ್ಸಿಳಿಯುವ ಹೊತ್ತಿಗೆ ಟಪಾಲು ಹೋಗಿತ್ತು. ನೀನು ತೊಂಬತ್ತೇಳನೆಯವಳು ಎಂದೆ, ನಂಬಿದಳು.

ಆದರೂ ಕೇಳುತ್ತೇನೆ. ಎಲ್ಲಿಂದಲೋ ಬರುವ ನೂಲಿನ ಪೆಟ್ಟಿಗೆಯ ಮೇಲೆ ಅದು ಕೌಂಟೋ ಡೆನಿಯರೋ ಎಂದು ಬರೆದಿರುತ್ತಾರೆ, ನೇಯುವವನಿಗೆ ತಿಳಿಯಲಿ ಎಂದು. ಈ ರಾಜ್ಯದ ಮಕ್ಕಳಿಗೆ ಈ ರಾಜ್ಯದ ಕಾಲೇಜು ಕಳಿಸುವ, ಅವರ ಅಪ್ಪಂದಿರ ಸಹಿ ಬೇಕೆನ್ನುವ ಕಾಗದದಲ್ಲಿ ಕನ್ನಡದ ಒಂದು ಸಾಲು ಬರೆಯಬಾರದೆ? ನಾನು ತಪ್ಪು ಓದಿದೆ, ಸರಿ. ಓದಲು ಅವರು ಏನು ಕೊಟ್ಟಿದ್ದರು?

ಏನು ಮಾಡಲಿ, ಬರೆ. ಮಗಳಿಗೆ ಇನ್ನೂ ಹೇಳಿಲ್ಲ.

ರಾಮಲಿಂಗಯ್ಯ


ಮೈಸೂರು
5-7-1972, ಬುಧವಾರ

ರಾಮಲಿಂಗಯ್ಯನವರಿಗೆ,

ನಾಳೆ ರಜೆ ಹಾಕಿ ಬೆಂಗಳೂರಿಗೆ ಹೊರಡುತ್ತಿದ್ದೇನೆ. ಶುಕ್ರವಾರ ಕಾಲೇಜಿಗೆ ಹೋಗುತ್ತೇನೆ. ನೀನೇನೂ ಮಾಡಬೇಡ. ಈವರೆಗೆ ಮಾಡಿದ್ದು ಸಾಕು.

ಕನ್ನಡದಲ್ಲಿ ಯಾಕಿಲ್ಲ ಎಂದು ಕೇಳಿದ್ದೀಯ. ನ್ಯಾಯ. ಅದನ್ನು ನಾನೂ ಅವರನ್ನು ಕೇಳುತ್ತೇನೆ. ಆದರೆ ನಿನ್ನ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ಒಬ್ಬಳಿದ್ದಳು. ಸಂಜೆ ಬಸ್ಸಿನವರೆಗೆ ಕಾಯಲು ನಿನ್ನಿಂದ ಆಗಲಿಲ್ಲ. ಅವಳ ಹೆಸರಿಗೆ ಬಂದ ಕಾಗದವನ್ನು ನೀನು ಒಡೆದೆ, ಪಿಳ್ಳಪ್ಪನಿಗೆ ತೋರಿಸಿದೆ, ಪ್ರಿನ್ಸಿಪಾಲರಿಗೆ ಕಳಿಸಿದೆ. ಅವಳೊಬ್ಬಳಿಗೆ ಮಾತ್ರ ತೋರಿಸಲಿಲ್ಲ.

ಹದಿನೇಳು ವರ್ಷ ಬಾಯಿಬಿಡದ ಮಾತು ಈಗ ಬರೆಯುತ್ತೇನೆ. 1955ರಲ್ಲಿ ನನ್ನ ಎಸ್.ಎಸ್.ಎಲ್.ಸಿ. ಅಂಕಪಟ್ಟಿ ತರಲು ನೀನು ಸ್ಕೂಲಿಗೆ ಹೋದೆ. "ಇನ್ನೂ ಬಂದಿಲ್ಲವಂತೆ ಕಣೇ" ಅಂದೆ. ದಿನಾ ಕೇಳಿದೆ, ದಿನಾ ಅದೇ ಉತ್ತರ. ಇಂಟರ್‌ಮೀಡಿಯಟ್ ಸೇರುವ ಕೊನೆಯ ದಿನ ಕಳೆದು ಒಂಬತ್ತು ದಿನಕ್ಕೆ ನಿನ್ನ ಡಿಸೈನ್ ಪುಸ್ತಕ ಒರೆಸಿಡುವಾಗ ಅದು ಕೆಳಗೆ ಬಿತ್ತು. ಸ್ಕೂಲಿನವರು ಕೊಟ್ಟ ತಾರೀಖು ಅದರ ಮೇಲೆ ಇತ್ತು. ನಾನು ಅದನ್ನು ಮತ್ತೆ ಅಲ್ಲೇ ಇಟ್ಟೆ. ಮಾರನೆಯ ದಿನ ನೀನು, ಈಗ ತಾನೇ ಸಿಕ್ಕಿತು ಎಂದು ಕೈಗೆ ಕೊಟ್ಟೆ. ನಾನು ತೆಗೆದುಕೊಂಡೆ.

ಅದಕ್ಕೇ ಕೇಳುತ್ತೇನೆ. ಈ ಸಲವೂ ಅರ್ಥವಾಗಲಿಲ್ಲವೋ, ಅರ್ಥವಾಗುವುದು ಬೇಡವಾಗಿತ್ತೋ?

ಅಂಜನಮ್ಮ


ಮೈಸೂರು
9-7-1972, ಭಾನುವಾರ

ಅಣ್ಣ,

ಬನಶಂಕರಿಯ ಹೆಸರು ಪಟ್ಟಿಯಲ್ಲಿ ಉಳಿದಿದೆ, ಷರತ್ತಿನ ಮೇಲೆ. ಇದನ್ನು ಹೇಳಿದವರು ಕಾಲೇಜಿನ ಪ್ರವೇಶ ವಿಭಾಗದ ಸೂಪರಿಂಟೆಂಡೆಂಟರು, ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ. ಅದಕ್ಕೆ ಮುಂಚೆ ನಾಲ್ಕು ಗಂಟೆ ವರಾಂಡದ ಬೆಂಚಿನ ಮೇಲೆ ಕೂರಿಸಿದ್ದರು.

ನಿನ್ನ ಕಾಗದ ಫೈಲಿನಲ್ಲಿತ್ತು. ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ, ಬರಲು ಒಪ್ಪಿಲ್ಲ ಎಂದು ಬರೆದಾಗಿತ್ತು. ಸೂಪರಿಂಟೆಂಡೆಂಟರು ನಿನ್ನ ಕಾಗದವನ್ನು ನನ್ನೆದುರಿಗೇ ಗಟ್ಟಿಯಾಗಿ ಓದಿದರು. ಅಂಗಡಿಯವನ ಮಗ, ಮಗ್ಗದವನ ಮಗಳು ಎಂಬಲ್ಲಿಗೆ ಬಂದಾಗ ಗುಮಾಸ್ತರೆಲ್ಲ ನಕ್ಕರು. ನನಗೆ ಮೈ ಉರಿಯಿತು. "ಸ್ವಾಮಿ, ನಗೋದಾದ್ರೆ ಈ ಪದಕ್ಕೆ ಕನ್ನಡದಲ್ಲಿ ಅರ್ಥ ಹೇಳಿ ಆಮೇಲೆ ನಗಿ" ಅಂದೆ. ಸೂಪರಿಂಟೆಂಡೆಂಟರು, ಅರ್ಥ ಕಾಗದದ ಹಿಂದೆ ಇದೆಯಲ್ಲಮ್ಮ ಎಂದು ತಿರುಗಿಸಿ ತೋರಿಸಿದರು. ಇದೆ, ಇಂಗ್ಲಿಷಿನಲ್ಲಿ, ಇರುವೆ ಸಾಲಿನ ಹಾಗೆ.

ಆಮೇಲೆ ಅವರು ಹೇಳಿದ್ದನ್ನು ಕೇಳು. ಸಂದರ್ಶನಕ್ಕೆ ಕರೆದವರು ನೂರ ಇಪ್ಪತ್ತು ಮಂದಿ. ನಿನ್ನ ಹಾಗೆ ಚೀಟಿ ಸಮೇತ ಕಾಗದ ವಾಪಸು ಮಾಡಿದವರು ಇನ್ನೂ ಹನ್ನೊಂದು ಮಂದಿ ಇದ್ದಾರೆ. ಯಾಕೆ ವಾಪಸು ಬಂತು ಎಂದು ಅವರಿಗೆ ಯಾರೂ ಬರೆದಿಲ್ಲ. ಹನ್ನೆರಡು ಹೆಸರಿಗೂ ಒಂದೇ ಕೆಂಪು ಶಾಯಿ. ವಿಳಾಸ ಕೊಡಿ, ನಾನೇ ಬರೆಯುತ್ತೇನೆ ಎಂದೆ. ಅದು ಆಫೀಸಿನ ಗುಟ್ಟಂತೆ. ಫೈಲು ತೆರೆದಿದ್ದಾಗ ಮೂರು ಓದಿಕೊಂಡೆ: ಒಬ್ಬಳು ಸಾಸಲಿನವಳು, ಒಬ್ಬ ಹೊಸಕೋಟೆಯವನು, ಒಬ್ಬಳು ಕನಕಪುರದವಳು. ನಿನ್ನೆಯೇ ಮೂವರಿಗೂ ಎಕ್ಸ್‌ಪ್ರೆಸ್ ಡೆಲಿವರಿ ಕಾಗದ ಹಾಕಿದ್ದೇನೆ. ತಂದೆ ಬಂದು ಸಹಿ ಮಾಡಿದರೆ ಸಂದರ್ಶನದ ದಿನದವರೆಗೆ ಅವರಿಗೂ ಅವಕಾಶವಿದೆಯಂತೆ. ಉಳಿದ ಎಂಟು ಮಂದಿ ಯಾರೆಂದು ನನಗೆ ಗೊತ್ತಿಲ್ಲ.

ಬನಶಂಕರಿಯ ಚೀಟಿಗೆ ನಕಲು ಬರೆಸಿ ಅತ್ತೆಯೆಂದು ನಾನು ಸಹಿ ಮಾಡಿದೆ. ಅದು ತಾತ್ಕಾಲಿಕ. ಸಂದರ್ಶನದ ದಿನ, 17ನೇ ತಾರೀಖು, ತಂದೆಯೇ ಬಂದು, ತಾನು ಬರೆದ ಕಾಗದ ವಾಪಸು ತೆಗೆದುಕೊಂಡಿದ್ದೇನೆ ಎಂದು ಅವರೆದುರಿಗೆ ಸಹಿ ಮಾಡಬೇಕು. ಇಲ್ಲದಿದ್ದರೆ ಅವಳನ್ನು ಒಳಗೆ ಕರೆಯುವುದಿಲ್ಲ. ಮಾತುಕತೆ ಇಂಗ್ಲಿಷಿನಲ್ಲೇ ನಡೆಯುತ್ತದೆ, ಅವಳಿಗೆ ಹೇಳು. ಇಂಗ್ಲಿಷಿನ ಐವತ್ತು ಪ್ರಶ್ನೆಯಲ್ಲಿ ಇಪ್ಪತ್ತು ತಪ್ಪು ಮಾಡಿದ್ದಾಳೆ, ಬಿಟ್ಟಿದ್ದು ಒಂದೇ. ಗೊತ್ತಿಲ್ಲದ್ದಕ್ಕೂ ಊಹೆಯ ಉತ್ತರ ಬರೆದಿದ್ದಾಳೆ ಎಂದರ್ಥ. ಅಲ್ಲಿ ಹಾಗೆ ಮಾಡುವುದು ಬೇಡ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಲಿ.

ತಿಳಿಸುವ ಕೆಲಸ ನಿನ್ನದು, ಅತ್ತಿಗೆಯ ಕೈಲಿ ಹೇಳಿಸಬೇಡ. ಹಿಂದಿನ ಕಾಗದದಲ್ಲಿ ಕೇಳಿದ್ದಕ್ಕೂ ಉತ್ತರ ಕಾಯುತ್ತಿದ್ದೇನೆ.

ಅಂಜನಮ್ಮ


ದೊಡ್ಡಬಳ್ಳಾಪುರ
12-7-1972, ಬುಧವಾರ

ಅಂಜನಮ್ಮನಿಗೆ,

ಬನಶಂಕರಿಗೆ ಎಲ್ಲ ಹೇಳಿದೆ. ನಿನ್ನೆ ನಿನ್ನ ಕಾಗದ ಬಂದ ಮೇಲೆ, ಮೆಷಿನ್ ನಿಲ್ಲಿಸು ಎಂದು ಹೇಳಿ ಎದುರಿಗೆ ಕೂತೆ. ಪೂರ್ತಿ ಕೇಳಿಸಿಕೊಂಡಳು. "ಅಪ್ಪ, ಅದು ನನ್ನ ಹೆಸರಿಗೆ ಬಂದಿತ್ತಾ?" ಅಂದಳು. ಹೂಂ ಎಂದೆ. "ಅಂಕಿ ಹೇಳಿ" ಅಂದಳು. ನಾಲ್ಕೂ ಸಾಲು ಹೇಳಿದೆ. ಸೀರೆ ಮಡಿಸುವ ರಟ್ಟಿನ ಮೇಲೆ ಬರೆದುಕೊಂಡಳು. ಲೆಕ್ಕದ ಸಾಲಿನ ಮೇಲೆ ಬೆರಳಿಟ್ಟು, "ಆ ಎರಡು ತಪ್ಪು ಯಾವುದು ಅಂತ ಗೊತ್ತು ನನಗೆ" ಅಂದಳು. ಆಮೇಲೆ ಎದ್ದು ಹೋಗಿ ಅವ್ವನ ಹತ್ತಿರ ಅತ್ತಳು, ನನ್ನೆದುರು ಅಳಲಿಲ್ಲ.

ನಾಗಲಕ್ಷ್ಮಮ್ಮ ನಿನ್ನೆಯಿಂದ ನನ್ನ ಮುಂದೆ ತಟ್ಟೆ ಇಟ್ಟು ಒಳಗೆ ಹೋಗಿಬಿಡುತ್ತಾಳೆ.

ಪಿಳ್ಳಪ್ಪನಿಗೂ ಹೇಳಿದೆ. ಹೇಳದೆ ಇರುವುದು ಸರಿಯಲ್ಲ ಎನಿಸಿತು. "ನಿನ್ನ ತಂಗಿ ಮೈಸೂರಲ್ಲಿ ಕೂತ್ಕಂಡು ನನ್ನ ಮಗನ್ನ ಫೇಲ್ ಮಾಡ್ತಾಳೇನಯ್ಯ? ಅರ್ಧ ಊರು ಲಾಡು ತಿಂದದೆ!" ಎಂದು ಕೂಗಾಡಿದ. ಅವನ ಮಗ ಒಳಗಿಂದ, "ಬಿಡಪ್ಪೋ, ಅವರು ಹೇಳೋದು ದಿಟ" ಅಂದ.

ಇನ್ನು ನೀನು ಕೇಳಿದ್ದು. ಈ ಸಲ ನನಗೆ ಅರ್ಥವಾಗಲಿಲ್ಲ. ದೇವರಾಣೆ ಅರ್ಥವಾಗಲಿಲ್ಲ. ಆದರೆ 1955ರದ್ದು ಅರ್ಥವಾಗಿತ್ತು. ಅದು ಕನ್ನಡದಲ್ಲೇ ಇತ್ತು. ಕನ್ನಡ 81, ಇಂಗ್ಲಿಷ್ 67, ಲೆಕ್ಕ 92. ಹೆಡ್‌ಮಾಸ್ತರು ನನ್ನ ಬೆನ್ನು ತಟ್ಟಿ, ನಿಮ್ಮ ತಂಗೀನ ಓದಿಸಬೇಕು ರಾಮಲಿಂಗಯ್ಯ ಎಂದರು. ಆ ವರ್ಷವೇ ಅಪ್ಪ ಹೋಗಿದ್ದರು. ಬನಶಂಕರಿ ತೊಟ್ಟಿಲಲ್ಲಿದ್ದಳು, ನಾಗಲಕ್ಷ್ಮಮ್ಮನಿಗೆ ಬಾಣಂತನ. ನೂಲು ಸುತ್ತಲು ನಿನ್ನ ಕೈ ಬಿಟ್ಟರೆ ಬೇರೆ ಕೈ ಇರಲಿಲ್ಲ. ಅರ್ಥವಾಗಿದ್ದರಿಂದಲೇ ಪುಸ್ತಕದೊಳಗೆ ಇಟ್ಟೆ. ನೀನು ಅದನ್ನು ನೋಡಿ ವಾಪಸು ಇಟ್ಟಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ಇದಕ್ಕಿಂತ ಹೆಚ್ಚಿಗೆ ಬರೆಯಲು ನನಗೆ ಬರುವುದಿಲ್ಲ.

ಕಾಲೇಜಿನವರ ಮೇಲೆ ನನ್ನ ಸಿಟ್ಟು ಇಳಿದಿಲ್ಲ. ಸಹಿ ಮಾಡುತ್ತೇನೆ, ಅವರು ಗಟ್ಟಿಯಾಗಿ ಓದಿದರೆ ನಿಂತು ಕೇಳುತ್ತೇನೆ. ಆಮೇಲೆ ಆ ಎಂಟು ವಿಳಾಸ ನಾನೂ ಕೇಳುತ್ತೇನೆ. ಸಾಸಲು ಇಲ್ಲಿಗೆ ಹತ್ತಿರ. ಇವತ್ತು ಬೆಳಗ್ಗೆ ಬಸ್ಸಿಗೆ ಹೋಗಿ ಬಂದೆ. ಆ ಹುಡುಗಿ ಅಮ್ಮಯಮ್ಮನ ತಂದೆ ನಿನ್ನ ಕಾಗದ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು, ಯಾರನ್ನು ಕೇಳಬೇಕೆಂದು ತಿಳಿಯದೆ. ಅವರೂ ಅಂಕಿ ಕಡಿಮೆಯಾದಷ್ಟೂ ಮೇಲು ಎಂದುಕೊಂಡಿದ್ದರು.

17ನೇ ತಾರೀಖು ಸೋಮವಾರ ಬೆಳಗ್ಗೆ ಆರೂಕಾಲರ ಬಸ್ಸಿಗೆ ನಾನು, ಬನಶಂಕರಿ, ಸಾಸಲಿನ ತಂದೆ, ಮಗಳು, ನಾಲ್ಕು ಮಂದಿ ಹೊರಡುತ್ತೇವೆ. ಹತ್ತಕ್ಕೆ ಸೂಪರಿಂಟೆಂಡೆಂಟರ ಹತ್ತಿರ ಸಹಿ. ಸಂದರ್ಶನ ಹತ್ತೂವರೆಗೆ.

ರಾಮಲಿಂಗಯ್ಯ